ಅಜ್ಜ ಕುಡಿದ ಎಣ್ಣೆ

ಕಂತು ೫

"ಇನ್ನೊಂದ್ಸಲ ಓದ್ಲಾ?" ಸಬ್ ಇನ್ಸ್‌ಪೆಕ್ಟರ್ ಜಯಪ್ಪ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. "'ಈ ವಾರವೂ ಅಜ್ಜ ಅರ್ಧ ಲೀಟರ್ ಎಣ್ಣೆ ಕುಡಿದಿದ್ದಾನೆ. ಇವನನ್ನು ನಂಬಿಕೊಂಡು ದೂರದ ಪ್ರಯಾಣ ಹೊರಡುವುದು ಹೇಗೆ?' ಸತ್ತೋರ ಸ್ವಂತ ಕೈಬರಹ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇನ್ರೀ ವಿಜಯೇಂದ್ರ?"

ಅಜ್ಜ ಎದುರಿನ ಬೆಂಚಿನ ಮೇಲೆಯೇ ಕೂತಿದ್ದ. ಹೆಸರು ಮೂರ್ತಪ್ಪ, ವಯಸ್ಸು ಅರವತ್ನಾಲ್ಕು, ಕೆಲಸ ಡ್ರೈವರ್. ಹಣೆಯಲ್ಲಿ ವಿಭೂತಿ, ಮೈಮೇಲೆ ಖಾಕಿ ಅಂಗಿ. ಭದ್ರಾವತಿ ಹಳೇನಗರದ ಅವನ ಬೀದಿಯಲ್ಲಿ ಮಕ್ಕಳಿಂದ ಹಿಡಿದು ಎಲ್ಲರೂ ಅವನನ್ನು ಕರೆಯುವುದು ಅಜ್ಜ ಅಂತಲೇ.

ಕಳೆದ ಶುಕ್ರವಾರ ನಿವೃತ್ತ ಫೋರ್‌ಮನ್ ಷಣ್ಮುಖಪ್ಪ ತಾವೇ ಕಟ್ಟಿಸಿದ ಮನೆಗಾಡಿಯೊಳಗೆ ಜನರೇಟರಿನ ಹೊಗೆ ಕುಡಿದು ಸತ್ತಿದ್ದರು. ಇವತ್ತು ಮಂಗಳವಾರ, ಬೆಳಿಗ್ಗೆ ಅವರ ಡ್ರೈವರನ್ನು ಹಿಡಿದು ತಂದಿದ್ದರು.

ಮನೆಗಾಡಿ ಅಂದರೆ ಹಳೇ ಬಸ್ಸೊಂದರ ಸೀಟು ಕಿತ್ತು ಹಾಕಿ ಮಾಡಿದ ಮನೆ. ಒಳಗೆ ಎರಡು ಮಂಚ, ಒಲೆ, ನೀರಿನ ತೊಟ್ಟಿ, ಪಾತ್ರೆ ತೊಳೆಯುವ ಸಿಂಕು, ಮೂರು ಫ್ಯಾನು. ಹಿಂಭಾಗದಲ್ಲಿ ಒಂದು ಕಬ್ಬಿಣದ ಗೂಡು, ಅದರೊಳಗೆ ಡೀಸೆಲ್ ಜನರೇಟರ್. ಆ ಗಾಡಿಗೆ ಇನ್ಶೂರೆನ್ಸ್ ಇತ್ತು. ನಾನು ಇನ್ಶೂರೆನ್ಸ್ ಸರ್ವೇಯರ್. ಶಿವಮೊಗ್ಗ ವಿದ್ಯಾನಗರದ ಮನೆಯಲ್ಲಿ ತಣ್ಣಗೆ ಮಜ್ಜಿಗೆ ಕುಡಿದು ಮಲಗುವುದು ಬಿಟ್ಟು ಏಪ್ರಿಲ್ ಬಿಸಿಲಲ್ಲಿ ಈ ಠಾಣೆಗೆ ಬಂದು ಕೂತಿದ್ದಕ್ಕೆ ಅದೇ ಕಾರಣ.

"ಇದನ್ನ ಕೇಳಿ," ಜಯಪ್ಪ ಹಿಂದಿನ ಹಾಳೆ ತಿರುಗಿಸಿದರು. "'ಅಜ್ಜನಿಗೆ ಹೊಸ ರಿಂಗ್ ಹಾಕಿಸಿದ್ದಾಯ್ತು. ಆದರೂ ಎಣ್ಣೆ ಬಿಡಲಿಲ್ಲ.' ಪಾಪ, ಉಂಗುರ ಹಾಕಿಸಿ ಆಣೆ ಮಾಡಿಸ್ಕೊಂಡಿದಾರೆ. ಈ ಮುದುಕ ಆಣೆ ಮುರ್ದು ಕುಡ್ದಿದಾನೆ."

ನಾನು ಮೂರ್ತಪ್ಪನ ಕೈ ನೋಡಿದೆ. ಹತ್ತು ಬೆರಳಲ್ಲಿ ಒಂದಕ್ಕೂ ಉಂಗುರವಿಲ್ಲ.

"ಉಂಗುರ ಎಲ್ಲಿದೆ ಸಾರ್?"

"ಮಾರಿ ಕುಡ್ದಿರ್ತಾನೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಜಯಪ್ಪನವರು. ಕೆಟ್ಟ ಮನುಷ್ಯರಲ್ಲ. ಆದರೆ ಒಂದು ಕತೆ ತಲೆಯಲ್ಲಿ ಕೂತರೆ ಮುಗಿಯಿತು. ಅವರ ಕತೆ ಇದು: ಶುಕ್ರವಾರ ಮಧ್ಯಾಹ್ನ ಷಣ್ಮುಖಪ್ಪ ಗಾಡಿಯೊಳಗೆ ಮಲಗಿದರು, ಫ್ಯಾನ್ ಬೇಕೆಂದರು, ಮೂರ್ತಪ್ಪ ಕುಡಿದ ಅಮಲಿನಲ್ಲಿ ಜನರೇಟರ್ ಚಾಲೂ ಮಾಡಿ, ಹೊರಗಿನಿಂದ ಚಿಲಕ ಹಾಕಿ, ಎಲ್ಲೋ ಬಿದ್ದುಕೊಂಡ. ಸಂಜೆ ಐದಕ್ಕೆ ಎದ್ದು ಬಂದು ನೋಡಿದರೆ ಯಜಮಾನರು ಹೆಣ.

"ಕುಡೀತೀಯೇನಪ್ಪ?" ನಾನೇ ಮೂರ್ತಪ್ಪನನ್ನು ಕೇಳಿದೆ.

"ಹನಿ ಮುಟ್ಟಿಲ್ಲ ಸಾರ್. ಲಿಂಗ ಕಟ್ಕೊಂಡೋನು ನಾನು."

"ಜನರೇಟರ್ ಚಾಲೂ ಮಾಡಿದ್ದು ಯಾರು?"

ಅವನು ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡತೊಡಗಿದ. ಎರಡನೇ ಸಲ ಕೇಳಿದೆ. ಮೂರನೇ ಸಲ ಕೇಳುವಾಗ ನನಗೆ ಸಿಟ್ಟು ಬಂತು. "ಅಯ್ಯೋ ಮಾರಾಯ, ನಾಳೆ ಬೆಳಿಗ್ಗೆ ನಿನ್ನನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ಬಾಯಿ ಬಿಡು!"

ಅವನು ಬಾಯಿ ಬಿಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನ ಹೆಂಡತಿ ಕರಿಯಮ್ಮ ಬೆಳಗಿನಿಂದ ನಿಂತಿದ್ದಳು. ಗಟ್ಟಿ ಮೈಕಟ್ಟಿನ ಹೆಂಗಸು. ನನ್ನನ್ನು ನೋಡಿ ಕೈ ಮುಗಿದಳು.

"ಸ್ವಾಮಿ, ನೀವು ಕಂಪನಿಯೋರಂತೆ. ನಿಮ್ಮ ಮಾತು ನಡೀತದಂತೆ. ನಮ್ಮನೆಯೋರು ಕುಡ್ದೋರಲ್ಲ. ಈ ವಯಸ್ಸಲ್ಲಿ ಜೈಲಿಗೆ ಹೋದ್ರೆ ಅವ್ರು ತಿರುಗಿ ಬರಲ್ಲ. ಹೆಂಗಾರ ಮಾಡಿ ಬಿಡಿಸ್ಕೊಡಿ."

ನನ್ನ ಕೆಲಸ ಗಾಡಿ ನೋಡುವುದು, ಗಂಡಂದಿರನ್ನು ಬಿಡಿಸುವುದಲ್ಲ. ಹಾಗಂತ ಹೇಳಬೇಕೆಂದು ಬಾಯಿ ತೆರೆದೆ. "ನೋಡೋಣ ತಾಯಿ" ಅಂತ ಬಂತು. ನನ್ನ ಬಾಯಿ ಯಾವತ್ತೂ ಹೀಗೇ, ನನ್ನ ಮಾತು ಕೇಳುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಜಯಪ್ಪ ಹಳೇನಗರದಲ್ಲಿ ಮನೆಗಾಡಿ ನಿಂತಿದ್ದ ಶೆಡ್ಡಿನ ಬೀಗದ ಕೈ ಕೊಟ್ಟು ಜೊತೆಗೊಬ್ಬ ಪೇದೆಯನ್ನು ಕಳಿಸಿದರು. ಪೇದೆ ಬಾಗಿಲು ತೆಗೆದು, ನೆರಳಲ್ಲಿ ಪೇಪರ್ ಹಾಸಿ ಮಲಗಿದ. ಅಷ್ಟರಲ್ಲಿ ನಾನು ಶಿವಮೊಗ್ಗದಿಂದ ಕರೆಸಿದ್ದ ಅಬ್ಬಾಸ್ ಅಲಿ ಸ್ಕೂಟರಿನಲ್ಲಿ ಬಂದಿಳಿದರು. ಬಿ.ಎಚ್. ರಸ್ತೆಯಲ್ಲಿ ಡೀಸೆಲ್ ಇಂಜಿನ್ ರಿಪೇರಿ ಅಂಗಡಿ ಅವರದು. ಈ ಜನರೇಟರನ್ನು ಎರಡು ತಿಂಗಳ ಹಿಂದೆ ಬಿಚ್ಚಿ ಕಟ್ಟಿದವರು ಅವರೇ. ನನಗೆ ಇಂಜಿನ್ ಬಗ್ಗೆ ಗೊತ್ತಿರುವುದು ಶಬ್ದ ಬಂದರೆ ಓಡುತ್ತಿದೆ, ಬರದಿದ್ದರೆ ಇಲ್ಲ ಎನ್ನುವುದಷ್ಟೇ.

ನಾನು ಠಾಣೆಯಲ್ಲಿ ಬರೆದುಕೊಂಡಿದ್ದ ಸಾಲುಗಳನ್ನು ಅವರಿಗೆ ಓದಿ ಹೇಳಿದೆ. ಅಜ್ಜ, ಎಣ್ಣೆ, ರಿಂಗ್, ಎಲ್ಲವನ್ನೂ.

ಅಬ್ಬಾಸ್ ಅಲಿ ಮೊದಲು ಬಾಯಿ ತೆರೆದು ನೋಡಿದರು. ಆಮೇಲೆ ಗೋಡೆಗೆ ಒರಗಿ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

"ಯಾ ಅಲ್ಲಾ! ಸಾರ್, ಅಜ್ಜ ಅಂದ್ರೆ ಮೂರ್ತಪ್ಪ ಅಲ್ಲ. ಅಜ್ಜ ಅಂದ್ರೆ ಇದು!" ಜನರೇಟರಿನ ತಲೆ ಮೇಲೆ ಕೈ ಇಟ್ಟರು. "ಷಣ್ಮುಖಪ್ಪನೋರು ಇದನ್ನ ಹಾಗೇ ಕರೀತಿದ್ರು. ಚಾಲೂ ಆಗೋವಾಗ ಕೆಮ್ಮುತ್ತೆ ನೋಡಿ, ಅದಕ್ಕೆ. 'ಅಬ್ಬಾಸ್, ನಮ್ಮ ಅಜ್ಜಂಗೆ ಹೊಟ್ಟೆ ಸರಿ ಇಲ್ಲ, ಬಂದು ನೋಡಪ್ಪ' ಅಂತ ಫೋನ್ ಮಾಡೋರು. ರಿಂಗ್ ಹಾಕಿದ್ದು ನಾನು ಸಾರ್. ಪಿಸ್ಟನ್ ರಿಂಗು!"

ಥತ್ತೇರಿಕಿ. ಒಬ್ಬ ಮನುಷ್ಯನನ್ನು ಪಿಸ್ಟನ್ ರಿಂಗಿನ ಸಾಕ್ಷಿಯ ಮೇಲೆ ಒಳಗೆ ಹಾಕಿದ್ದರು.

ನನಗೆ ಆಗಲೇ ಠಾಣೆಗೆ ಓಡಿಹೋಗಿ ಜಯಪ್ಪನವರ ಮುಖ ನೋಡುವ ಆಸೆಯಾಯಿತು. ಅಬ್ಬಾಸ್ ಅಲಿ ತೋಳು ಹಿಡಿದು ನಿಲ್ಲಿಸಿದರು.

"ನಿಲ್ಲಿ ಸಾರ್. ಅವ್ರು ಬರ್ದಿದ್ದು ಸುಳ್ಳಲ್ಲ. ಅಜ್ಜ ವಾರಕ್ಕೆ ಅರ್ಧ ಲೀಟರ್ ಇಂಜಿನ್ ಎಣ್ಣೆ ಕುಡೀತಿತ್ತು. ಅದೇ ನಂಗೆ ತಲೆ ಕೆಡ್ಸಿದ್ದು. ನನ್ನ ಕೆಲಸ ಸರಿ ಇಲ್ಲ ಅಂತ ಷಣ್ಮುಖಪ್ಪನೋರು ಬೇಜಾರು ಮಾಡ್ಕೊಂಡು ಮಾತು ಬಿಟ್ಟಿದ್ರು. ಹಾಗೇ ಹೋಗ್ಬಿಟ್ರು."

ಅವರು ಅಂಗಿ ತೋಳು ಮಡಚಿದರು. ಗೂಡಿನ ಬಾಗಿಲು ತೆಗೆದು ಕೆಳಗೆ ಕೂತರು.

"ಎಣ್ಣೆ ಕಮ್ಮಿ ಆಗ್ಬೇಕಂದ್ರೆ ಮೂರು ದಾರಿ. ಸೋರ್ಬೇಕು. ಸುಡ್ಬೇಕು. ಇಲ್ಲಾ ಅಳತೆ ತಪ್ಪಿರ್ಬೇಕು."

ಇಂಜಿನ್ ಕೆಳಗೆ ಹಾಸಿದ್ದ ಹಳೇ ಪೇಪರನ್ನು ಎಳೆದರು. ಧೂಳು ಬಿಟ್ಟರೆ ಏನಿಲ್ಲ, ಒಣಗಿತ್ತು. ಅಲ್ಲಿಗೆ ಸೋರುವ ಮಾತು ಮುಗಿಯಿತು. ಹೊಗೆ ಪೈಪಿನ ಬಾಯಿಗೆ ಬೆರಳು ಹಾಕಿ ತಿರುಗಿಸಿ ನನಗೆ ತೋರಿಸಿದರು.

"ರಿಂಗ್ ಸವೆದು ಎಣ್ಣೆ ಸುಟ್ರೆ ಈ ಮಸಿ ಜಿಡ್ಡಾಗಿ ಅಂಟ್ಕೊಳುತ್ತೆ, ಹೊಗೆ ನೀಲಿ ಬರುತ್ತೆ. ಇದು ನೋಡಿ, ಉದುರು ಮಸಿ. ಒಲೆ ಮಸಿ ಥರ. ರಿಂಗ್ ಸರಿಯಾಗಿದೆ."

ಅಳತೆ? ಗಾಡಿ ಓರೆಯಾಗಿ ನಿಂತಿದ್ದರೆ ಎಣ್ಣೆ ಮಟ್ಟ ನೋಡುವ ಅಳತೆ ಕಡ್ಡಿ ಸುಳ್ಳು ಹೇಳುತ್ತದಂತೆ. ಒಂದು ತಟ್ಟೆಯಲ್ಲಿ ನೀರು ತುಂಬಿಸಿ ಗಾಡಿಯ ನೆಲದ ಮೇಲಿಟ್ಟರು. ನೀರು ಯಾವ ಕಡೆಗೂ ಸರಿಯಲಿಲ್ಲ.

"ಷಣ್ಮುಖಪ್ಪನೋರು ಪ್ರತಿ ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರೋವಾಗ, ಕಡ್ಡಿ ಒರೆಸಿ ಒರೆಸಿ ಮೂರು ಸಲ ನೋಡೋರು. ಕಮ್ಮಿ ಇದ್ದಷ್ಟು ತುಂಬ್ಸಿ, ಆಮೇಲೆ ಒಂದೇ ಒಂದು ಗಂಟೆ ಓಡ್ಸೋರು. ಸುಮ್ನೆ ನಿಲ್ಸಿದ್ರೆ ಜನರೇಟರ್ ಹಾಳಾಗುತ್ತೆ, ವಾರಕ್ಕೊಂದು ಸಲ ಲೋಡ್ ಕೊಟ್ಟು ಓಡಿಸ್ಲೇಬೇಕು. ಫ್ಯಾನ್ ಎಲ್ಲ ಹಾಕಿ, ಬಕೆಟ್‌ಗೆ ನೀರು ಕಾಯ್ಸೋ ಕಾಯಿಲ್ ಇಳಿಸೋರು. ಫೋರ್‌ಮನ್ ಆಗಿದ್ದೋರು ಸಾರ್, ಅಳತೆ ತಪ್ಪೋ ಮನುಷ್ಯ ಅಲ್ಲ."

"ಒಂದು ಗಂಟೆಗೆ ಅರ್ಧ ಲೀಟರ್?"

"ಅದೇ ಆಗಲ್ಲ. ರಿಂಗ್ ಹಾಕಿದ ಮೇಲೆ ನನ್ನ ಅಂಗಡೀಲಿ ಹತ್ತು ಗಂಟೆ ಓಡಿಸಿ ನೋಡಿದೀನಿ. ಗಂಟೆಗೆ ಇಪ್ಪತ್ತು ಎಂ.ಎಲ್. ಕುಡೀತು. ಹಳೇ ಇಂಜಿನ್‌ಗೆ ಅದು ಸರಿನೇ."

ನಾನು ಇಂಜಿನ್ನಿನಲ್ಲಿ ದಡ್ಡ, ಲೆಕ್ಕದಲ್ಲಿ ಅಲ್ಲ. ಗಂಟೆಗೆ ಇಪ್ಪತ್ತಾದರೆ ಐನೂರು ಎಂ.ಎಲ್. ಕುಡಿಯಲು ಇಪ್ಪತ್ತೈದು ಗಂಟೆ ಬೇಕು. ಷಣ್ಮುಖಪ್ಪ ಓಡಿಸಿದ್ದು ಒಂದು ಗಂಟೆ. ಮಿಕ್ಕ ಇಪ್ಪತ್ನಾಲ್ಕು?

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಈ ಬೇಸಿಗೆಯಲ್ಲಿ ಹಳೇನಗರಕ್ಕೆ ದಿನಾ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಕರೆಂಟ್ ಇಲ್ಲ. ಭಾನುವಾರ ಮಾತ್ರ ಇದೆ. ಆರು ದಿನ, ದಿನಕ್ಕೆ ನಾಲ್ಕು ಗಂಟೆ. ಇಪ್ಪತ್ನಾಲ್ಕು.

"ಅಜ್ಜ ಕುಡುಕ ಅಲ್ಲ ಸಾರ್," ಅಬ್ಬಾಸ್ ಅಲಿ ಮೆಲ್ಲಗೆ ಹೇಳಿದರು. "ಅಜ್ಜನ ಕೈಲಿ ಯಾರೋ ಕದ್ದು ದುಡಿಸ್ಕೊಳ್ತಿದ್ರು."

"ಡೀಸೆಲ್ ಕಮ್ಮಿ ಆಗೋದು ಗೊತ್ತಾಗಲ್ವಾ?"

ಅವರು ಟ್ಯಾಂಕಿನ ಮುಚ್ಚಳ ತೆಗೆದರು. ಡೀಸೆಲ್ ಕುತ್ತಿಗೆ ಮಟ್ಟಕ್ಕೆ ತುಂಬಿತ್ತು. ಶುಕ್ರವಾರ ಒಬ್ಬ ಮನುಷ್ಯನನ್ನು ಕೊಲ್ಲುವಷ್ಟು ಹೊತ್ತು ಓಡಿದ ಇಂಜಿನ್ನಿನ ಟ್ಯಾಂಕು, ಅರ್ಧ ಇಂಚೂ ಇಳಿದಿರಲಿಲ್ಲ. ಅಂದರೆ ಯಾರೋ ಓಡಿಸುತ್ತಿದ್ದರು, ಓಡಿಸಿದಷ್ಟು ಡೀಸೆಲ್ಲನ್ನು ವಾಪಸ್ ತುಂಬಿಸುತ್ತಿದ್ದರು. ಇಂಜಿನ್ ಎಣ್ಣೆಯನ್ನೂ ಕುಡಿಯುತ್ತದೆ ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಇಂಥ ಮರ್ಯಾದಸ್ಥ ಕಳ್ಳರನ್ನು ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಅಬ್ಬಾಸ್ ಅಲಿ ಗಾಡಿಯ ಕೆಳಗೆ ಅಂಗಾತ ತೂರಿದರು. ಟಾರ್ಚ್ ಕೇಳಿದರು, ಕೊಟ್ಟೆ. ಹೊರಗೆ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಇಂಜಿನ್ನಿಂದ ಬರೋ ಹೊಗೆ ಪೈಪಿಗೂ ಸೈಲೆನ್ಸರಿಗೂ ಒಂದು ಜಾಯಿಂಟ್ ಇದೆ. ಎರಡು ಬೋಲ್ಟು. ಒಂದೊಂದಕ್ಕೂ ಎರಡೆರಡು ನಟ್ ಹಾಕಿ ಬಿಗಿದಿದ್ದೆ, ನನ್ನ ಕೈಯಾರೆ. ಈಗ ಒಂದು ನಟ್ಟೂ ಇಲ್ಲ. ಜಾಯಿಂಟ್ ಬಾಯಿ ಬಿಟ್ಕೊಂಡಿದೆ. ಅದ್ರ ನೆಟ್ಟಗೆ ಮೇಲೆ ಏನಿದೆ ಗೊತ್ತಾ? ಸಿಂಕಿನ ನೀರು ಹೋಗೋ ತೂತು. ಹೊಗೆ ಅದ್ರಲ್ಲೇ ಗಾಡಿ ಒಳಗೆ ಹೋಗಿದೆ."

"ಅಲುಗಾಡಿ ಬಿದ್ದಿರಬಹುದಲ್ಲ?"

"ತಾನಾಗಿ ಸಡಿಲ ಆಗಿ ಬಿದ್ರೆ ಬೋಲ್ಟಿನ ಥ್ರೆಡ್ಡು, ನಟ್ ತಿರುಗೋ ಗೆರೆ, ಸವೆದಿರುತ್ತೆ. ಇದು ಹೊಸದರ ಥರ ಇದೆ. ಸ್ಪ್ಯಾನರ್ ಹಾಕಿ ಬಿಚ್ಚಿದಾರೆ ಸಾರ್."

ಇಷ್ಟು ಹೊತ್ತು ಅಜಾಗರೂಕತೆಯ ಕೇಸಾಗಿತ್ತು, ಈಗ ಕೊಲೆ. ಮತ್ತು ಈ ಶೆಡ್ಡಿನಲ್ಲಿ ಸ್ಪ್ಯಾನರ್ ಪೆಟ್ಟಿಗೆ ಇದ್ದದ್ದು ಒಬ್ಬನ ಬಳಿ, ಮೂರ್ತಪ್ಪನ ಬಳಿ. ನಾನು ಇದನ್ನು ಹೋಗಿ ಜಯಪ್ಪನವರಿಗೆ ಹೇಳಿದರೆ ಮುದುಕನ ಕುತ್ತಿಗೆಗೆ ನಾನೇ ಹಗ್ಗ ಬಿಗಿದ ಹಾಗೆ. ಕದ್ದು ಓಡಿಸುತ್ತಿದ್ದವರು ಯಾರೆಂದು ಗೊತ್ತಾಗದೆ ಠಾಣೆಯ ಮೆಟ್ಟಿಲು ಹತ್ತುವಂತಿರಲಿಲ್ಲ.

ಶೆಡ್ಡಿನ ಪಕ್ಕದ ಗೋಡೆಗೆ ಅಂಟಿಕೊಂಡು ಒಂದು ಡಿ.ಟಿ.ಪಿ. ಅಂಗಡಿಯಿತ್ತು. ಮದುವೆ ಕರೆಯೋಲೆ, ಬಾಡಿಗೆ ಕರಾರು, ಬಯೋಡೇಟಾ ಮಾಡಿಕೊಡುವ ಜಾಗ. ನಡೆಸುವವನು ರುದ್ರೇಶ್, ಷಣ್ಮುಖಪ್ಪನವರ ಅಣ್ಣನ ಮಗ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್. ಕರೆಂಟ್ ಇಲ್ಲದೆ ಅವನಿಗೆ ಬದುಕಿಲ್ಲ. ನನಗೆ ಇನ್ನೇನು ಬೇಕು?

ಹೋದವನೇ ಕೇಳಿದೆ, "ದಿನಾ ಮಧ್ಯಾಹ್ನ ಚಿಕ್ಕಪ್ಪನ ಜನರೇಟರ್ ಓಡಿಸ್ತಿದ್ರಲ್ಲ, ಯಾವತ್ತಿಂದ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಸಿಟ್ಟಿಗೆದ್ದ.

"ಯಾರ್ರೀ ಹೇಳಿದ್ದು? ಒಂದು ಬಲ್ಬ್ ಹಾಕ್ಕೊಳೋಕೆ ಲೈನ್ ಕೊಡಿ ಅಂತ ಕೇಳಿದ್ದಕ್ಕೆ 'ಅಜ್ಜ ಇರೋದು ಗಾಡಿಗೆ, ನಿನ್ನ ಅಂಗಡಿಗಲ್ಲ' ಅಂದಿದ್ರು. ಅವತ್ತಿಂದ ನಾನು ಆ ಶೆಡ್ಡಿಗೆ ಕಾಲಿಟ್ಟಿಲ್ಲ. ಇಲ್ಲಿ ನೋಡಿ!"

ಮೇಜಿನ ಕೆಳಗಿನ ಪರದೆ ಎಳೆದ. ನಾಲ್ಕು ಲಾರಿ ಬ್ಯಾಟರಿ, ಸಾಲಾಗಿ.

"ಕಂಪ್ಯೂಟರ್ ಇದ್ರಲ್ಲೇ ಓಡುತ್ತೆ. ಜೆರಾಕ್ಸ್ ನಾಲ್ಕು ಗಂಟೆ ಮೇಲೇನೇ."

ಹಿಂದೆ ನಿಂತಿದ್ದ ಅಬ್ಬಾಸ್ ಅಲಿ ಕೆಮ್ಮಿದರು. "ನಿಜ ಸಾರ್. ಆ ಅಜ್ಜನ ಕರೆಂಟು ಏರಿಳಿಯುತ್ತೆ. ಅದಕ್ಕೆ ಕಂಪ್ಯೂಟರ್ ಹಾಕಿದ್ರೆ ಎರಡೇ ದಿನಕ್ಕೆ ಸುಟ್ಟು ಹೋಗ್ತಿತ್ತು."

ಇದನ್ನು ಒಳಗೆ ಬರುವ ಮುಂಚೆ ಹೇಳಬಾರದಿತ್ತೇ ಈ ಮನುಷ್ಯ! ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಮಧ್ಯಾಹ್ನ ಸದ್ದು ಕೇಳಿಸ್ತಿರ್ಲಿಲ್ವಾ?" ಹೊರಡುವ ಮುಂಚೆ ಸುಮ್ಮನೆ ಕೇಳಿದೆ.

"ಈ ಬೀದೀಲಿ ಆ ಹೊತ್ತಿಗೆ ಎಂಟು ಜನರೇಟರ್ ಬಡ್ಕೊಳುತ್ತೆ. ಯಾವುದು ಯಾರದು ಅಂತ ಹೇಗೆ ಗೊತ್ತಾಗ್ಬೇಕು? ಚಿಕ್ಕಪ್ಪ ಮಧ್ಯಾಹ್ನ ನ್ಯೂಟೌನ್ ಮನೇಲಿ ಊಟ ಮಾಡಿ ಮಲಗಿ ಐದಕ್ಕೇ ಬರೋರು. ಶುಕ್ರವಾರ ಯಾಕೆ ಮಧ್ಯಾಹ್ನವೇ ಬಂದ್ರೋ ನಂಗಂತೂ ಗೊತ್ತಿಲ್ಲ."

ಶೆಡ್ಡಿಗೆ ವಾಪಸ್ ಬಂದೆವು. ನಾನು ಗಾಡಿಯ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡೆ. ಅಬ್ಬಾಸ್ ಅಲಿ ಸುಮ್ಮನೆ ಕೂರುವವರಲ್ಲ. ಜನರೇಟರಿನ ಪ್ಲಗ್ ಪಾಯಿಂಟ್ ಬಿಚ್ಚಿ ನೋಡಿದರು.

"ದಪ್ಪ ಪಿನ್ನಿನ ಪ್ಲಗ್ ಹಾಕಿ ತೆಗೆದಿದಾರೆ. ಒಳಗೆ ಕಪ್ಪಾಗಿದೆ. ಶುರುವಾಗೋವಾಗ ಜಗ್ಗಿ ಎಳೆಯೋ ಸಾಮಾನು. ಯಾವುದೋ ಮೋಟಾರ್ ಇರ್ಬೇಕು."

ಆಮೇಲೆ ಇಂಜಿನ್ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲನ್ನು ಮೊಳೆಯಿಂದ ತೆಗೆದುಕೊಂಡರು. ಹಿಡಿಯ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿ ಕೂತಿತ್ತು. ಪಂಚನಾಮೆಯಲ್ಲಿ 'ಹ್ಯಾಂಡಲಿನ ಮೇಲೆ ಸುಣ್ಣದ ಗುರುತು' ಅಂತ ಬರೆದಿದ್ದನ್ನು ನಾನೇ ಓದಿದ್ದೆ. ಅವರು ಉಗುರಲ್ಲಿ ಕೆರೆದು, ಬೊಟ್ಟಿಗೆ ನೀರು ಹಚ್ಚಿ ಉಜ್ಜಿ, ಮೂಸಿ ನೋಡಿ ನನ್ನ ಮೂಗಿಗೆ ಹಿಡಿದರು.

ಹುಳಿ ವಾಸನೆ. ಯಾವ ಕನ್ನಡಿಗನಿಗೂ ಎರಡನೇ ಸಲ ಮೂಸುವ ಅಗತ್ಯವಿಲ್ಲದ ವಾಸನೆ. ದೋಸೆ ಹಿಟ್ಟು.

ಆಗ ಗಂಟೆ ನಾಲ್ಕಾಯಿತು. ಬೀದಿಗೆ ಕರೆಂಟ್ ಬಂತು. ಜನರೇಟರುಗಳು ಒಂದೊಂದಾಗಿ ನಿಂತವು. ಆ ಮೌನದಲ್ಲಿ, ಶೆಡ್ಡಿನ ಹಿಂದಿನ ಗೋಡೆಯಾಚೆ, ಗರಗರ ಅಂತ ಕಲ್ಲು ತಿರುಗುವ ಸದ್ದು ಶುರುವಾಯಿತು.

ಇಬ್ಬರೂ ಆ ಕಡೆ ನಡೆದೆವು. ಹಿಂದಿನ ಸಣ್ಣ ಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಒಂದು ಹೆಂಚಿನ ಮನೆ. ಹೊಸಿಲ ಒಳಗೆ ಒಂದು ದೊಡ್ಡ ಗ್ರೈಂಡರ್, ಹೋಟೆಲಿನವರು ಇಟ್ಟುಕೊಳ್ಳುವಂಥದ್ದು. ಸುತ್ತ ನೆನೆಸಿದ ಉದ್ದು, ಅಕ್ಕಿ ತುಂಬಿದ ಪಾತ್ರೆ. ಮೊಣಕೈ ತನಕ ಹಿಟ್ಟು ಮೆತ್ತಿಕೊಂಡು ಕಲ್ಲಿನ ಮುಂದೆ ಕೂತಿದ್ದವಳು ಕರಿಯಮ್ಮ.

ಗಂಡನನ್ನು ಬಿಡಿಸಿಕೊಡಿ ಅಂತ ನನಗೆ ಕೈ ಮುಗಿದ ಅದೇ ಕರಿಯಮ್ಮ.

ನಮ್ಮನ್ನು ನೋಡಿ ಗಡಬಡಿಸಿ ಎದ್ದಳು. "ಹೋಟ್ಲಿಗೆ ಹಿಟ್ಟು ಕೊಡ್ಬೇಕು ಸ್ವಾಮಿ. ಒಂದು ದಿನ ತಪ್ಪಿದ್ರೆ ಬೇರೆಯೋರ ಹತ್ರ ತಗೊಂಡ್ಬಿಡ್ತಾರೆ. ಅದಕ್ಕೇ ಠಾಣೆಯಿಂದ ಬಂದೆ. ಏನಾರ ಗೊತ್ತಾಯ್ತಾ?"

"ಮಧ್ಯಾಹ್ನ ಕರೆಂಟ್ ಇರಲ್ಲ. ಸಂಜೆ ಹೋಟೆಲಿಗೆ ಹಿಟ್ಟು ಹೋಗ್ಬೇಕು. ಹೇಗೆ ನಿಭಾಯಿಸ್ತೀರಿ?"

"ಹಂಗೂ ಹಿಂಗೂ ಆಗ್ತದೆ."

"ಹೇಗೆ ಆಗ್ತದೆ?"

"ಬೆಳಿಗ್ಗೆನೇ ರುಬ್ಬಿಡ್ತೀನಿ."

"ಇವತ್ತು ಯಾಕೆ ರುಬ್ಬಿಡಲಿಲ್ಲ?"

"ಇವತ್ತು ಠಾಣೇಲಿದ್ನಲ್ಲ ಸ್ವಾಮಿ."

ಉತ್ತರ ಸರಿಯಾಗಿಯೇ ಇತ್ತು. ಅದು ನನ್ನನ್ನು ಇನ್ನಷ್ಟು ರೇಗಿಸಿತು. "ಹ್ಯಾಂಡಲ್ ಮೇಲೆ ಹಿಟ್ಟು ಹೇಗೆ ಬಂತು ಕರಿಯಮ್ಮ? ಅಜ್ಜನ ಹ್ಯಾಂಡಲ್ ಮೇಲೆ?"

ಅವಳು ಗ್ರೈಂಡರ್ ಕಡೆ ನೋಡಿದಳು. ಕಲ್ಲು ತಿರುಗುತ್ತಲೇ ಇತ್ತು. ಬಾಯಿ ಬಿಗಿದು ನಿಂತಳು, ಥೇಟ್ ಗಂಡನ ಹಾಗೆ.

ಆಗ ಅಬ್ಬಾಸ್ ಅಲಿ ಮುಂದೆ ಬಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಅಕ್ಕಾ, ಕೈ ತೋರ್ಸಿ. ಬಲಗೈ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆದರೂ ನಾವು ನೋಡಿದ್ದೆವು. ಮಣಿಕಟ್ಟಿನ ಮೇಲೆ ರಕ್ತ ಹೆಪ್ಪುಗಟ್ಟಿ ಹಳದಿಗೆ ತಿರುಗಿದ ದೊಡ್ಡ ಕಲೆ.

"ಅದು ವಾಪಸ್ ಹೊಡೀತದೆ, ಅಲ್ವಾ?" ಅಂದರು ಅಬ್ಬಾಸ್ ಅಲಿ. "ಹೆಬ್ಬೆರಳನ್ನೂ ಸುತ್ತಿ ಹಿಡಿದ್ರೆ ಹ್ಯಾಂಡಲ್ ಒದೆಯುತ್ತೆ. ಹೆಬ್ಬೆರಳು ಈಚೆ ಇಟ್ಕೋಬೇಕು. ನನ್ನ ಕೈಗೂ ಹೀಗೇ ಆಗಿತ್ತು, ಕೆಲಸ ಕಲಿಯೋವಾಗ. ಯಾರೂ ಹೇಳ್ಕೊಡ್ಲಿಲ್ವಾ ನಿಮ್ಗೆ?"

ಕರಿಯಮ್ಮ ಗ್ರೈಂಡರಿನ ಸ್ವಿಚ್ ಆರಿಸಿದಳು. ಕಲ್ಲು ನಿಂತಿತು. ಅವಳು ಹೊಸಿಲ ಮೇಲೆ ಕುಸಿದಂತೆ ಕೂತಳು, ಸೆರಗು ಬಾಯಿಗೆ ಒತ್ತಿಕೊಂಡಳು.

"ಡೀಸೆಲ್ ಕದ್ದಿಲ್ಲ ಸ್ವಾಮಿ. ದೇವರಾಣೆ. ಎಷ್ಟು ಖರ್ಚಾಯ್ತೋ ಅಷ್ಟು ಬಂಕಿಂದ ಕ್ಯಾನಲ್ಲಿ ತಂದು ಹುಯ್ತಿದ್ದೆ. ಕೇಳಿದ್ರೆ ಷಣ್ಮುಖಪ್ಪನೋರು ಬ್ಯಾಡ ಅಂದಾರು ಅಂತ ಕೇಳ್ಲಿಲ್ಲ. ಅಣ್ಣನ ಮಗನಿಗೇ ಕೊಡದೋರು ನಂಗೆ ಕೊಡ್ತಾರಾ?"

"ಶುಕ್ರವಾರ?"

"ಶುಕ್ರವಾರಾನೂ ನಾನೇ. ಹನ್ನೆರಡಕ್ಕೆ ಹ್ಯಾಂಡಲ್ ಹೊಡ್ದು ಬಂದೆ. ನಾಲ್ಕಕ್ಕೆ ನಿಲ್ಸಿ, ಡೀಸೆಲ್ ಹುಯ್ದು ಬಂದೆ." ಅವಳು ಶೆಡ್ಡಿನ ಕಡೆ ಕೈ ತೋರಿಸಿದಳು. "ಆವಾಗ ಅವ್ರು ಗಾಡಿ ಒಳಗಿದ್ರು ಸ್ವಾಮಿ. ಒಂದು ಮಾರು ದೂರದಲ್ಲಿ. ನಂಗೆ ಗೊತ್ತಿರ್ಲಿಲ್ಲ. ನಾನೇ ಕೊಂದೆ ಅವ್ರನ್ನ."

ಮುದುಕ ಠಾಣೆಯಲ್ಲಿ ಕಾಲ್ಬೆರಳು ನೋಡುತ್ತ ಕೂತಿದ್ದು ಯಾಕೆಂದು ಈಗ ತಿಳಿಯಿತು. ಹೆಂಡತಿಯ ಹೆಸರು ಬಾಯಿಗೆ ಬರಬಾರದು ಅಂತ ಬಾಯನ್ನೇ ಮುಚ್ಚಿಬಿಟ್ಟಿದ್ದ.

"ಮೂರ್ತಪ್ಪನಿಗೆ ಗೊತ್ತಾ?"

"ಗೊತ್ತು. 'ನೀನು ಬಾಯಿ ಬಿಡ್ಬೇಡ, ನಾನು ನೋಡ್ಕೋತೀನಿ' ಅಂದ್ರು."

"ಹನ್ನೆರಡಕ್ಕೆ ಹೋದಾಗ ಗಾಡಿ ಒಳಗೆ ಇಣುಕಿ ನೋಡ್ಬಾರದಾಗಿತ್ತಾ ತಾಯಿ?"

ಕರಿಯಮ್ಮ ತಲೆಯೆತ್ತಿದಳು. "ನೋಡ್ದೆ."

"ಏನು?"

"ದಿನಾ ನೋಡ್ದೇನೇ ಚಾಲೂ ಮಾಡಲ್ಲ ನಾನು. ಸಿಕ್ಕಿ ಹಾಕ್ಕೊಂಡೇನು ಅಂತ ಹೆದ್ರಿಕೆ. ಶುಕ್ರವಾರ ಗಾಡಿ ಬಾಗ್ಲು ತೆಗೆದಿತ್ತು. ಹತ್ತಿ ನೋಡ್ದೆ. ಎರಡು ಮಂಚನೂ ಖಾಲಿ. ಒಳಗೆ ಒಂದು ನರಪಿಳ್ಳೆನೂ ಇರ್ಲಿಲ್ಲ."

ಅಬ್ಬಾಸ್ ಅಲಿ ನನ್ನ ಕಡೆ ತಿರುಗಿದರು. ಅಂದರೆ ಷಣ್ಮುಖಪ್ಪ ಗಾಡಿಯೊಳಗೆ ಬಂದದ್ದು ಇಂಜಿನ್ ಓಡತೊಡಗಿದ ಮೇಲೆ.

"ನಾಲ್ಕಕ್ಕೆ ನಿಲ್ಸೋಕೆ ಹೋದಾಗ?" ನಾನು ಕೇಳಿದೆ.

"ಬಾಗ್ಲು ಹಾಕಿತ್ತು. ಹೊರಗಿಂದ ಚಿಲಕ. ನಮ್ಮನೆಯೋರು ಹಾಕಿರ್ಬೇಕು ಅಂತ ಮೊದ್ಲು ಅಂದ್ಕೊಂಡೆ. ಆದ್ರೆ ಅವ್ರು ಹೆಂಗೆ ಹಾಕ್ತಾರೆ ಸ್ವಾಮಿ? ಹನ್ನೆರಡರಿಂದ ನಾಲ್ಕರ ತನಕ ಅವ್ರು ಇಲ್ಲೇ, ಈ ಕಲ್ಲಿನ ಮುಂದೆ ಕೂತು ನನ್ನ ಜೊತೆ ಹಿಟ್ಟು ತಿರುವುತಿದ್ರು. ಒಂದು ಗಳಿಗೆನೂ ಎದ್ದಿಲ್ಲ."

ಮೂರ್ತಪ್ಪನನ್ನು ಬಿಡಿಸುವ ಒಂದೇ ಮಾತು ನಾಲ್ಕು ದಿನದಿಂದ ಈ ಹೆಂಗಸಿನ ಬಾಯಲ್ಲಿತ್ತು. ಅದನ್ನು ಹೇಳಬೇಕಾದರೆ ಜನರೇಟರ್ ಚಾಲೂ ಮಾಡಿದ್ದು ನಾನೇ ಅಂತಲೂ ಹೇಳಬೇಕು. ಅತ್ತ ನಟ್ಟು ಬಿಚ್ಚಿದವರು, ಚಿಲಕ ಹಾಕಿದವರು ಹೊರಗೆ ಆರಾಮಾಗಿ ಓಡಾಡಿಕೊಂಡಿದ್ದರು.

ಅವಳು ಎದ್ದು ಬಕೆಟ್ಟಿನ ನೀರಲ್ಲಿ ಮೊಣಕೈ ತನಕ ಹಿಟ್ಟು ತೊಳೆದುಕೊಂಡಳು. ಸೆರಗಲ್ಲಿ ಕೈ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಡೀರಿ ಠಾಣೆಗೆ. ಹೇಳ್ತೀನಿ," ಅಂದಳು. ಬಾಗಿಲ ತನಕ ಬಂದು ನಿಂತಳು. "ಸ್ವಾಮಿ, ಹೆಂಡ್ತಿ ಹೇಳಿದ್ನ ಪೊಲೀಸ್ನೋರು ನಂಬ್ತಾರಾ? ನಾನು ಇದನ್ನ ಹೇಳಿದ್ರೆ ನಮ್ಮನೆಯೋರನ್ನ ಬಿಡ್ತಾರೋ, ಇಲ್ಲಾ ಇಬ್ರನ್ನೂ ಇಟ್ಕೋತಾರೋ?"